ದಾರ ತೆಳುವಾದಷ್ಟೂ ಮೀನಿಗೆ ಕಷ್ಟ

ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನ ಹೊರ ಅಂಚಿನಲ್ಲಿ ಹವಳದ ದಿಬ್ಬ ಮುಗಿದು ಕಡಲು ಒಮ್ಮೆಲೇ ಆಳಕ್ಕೆ ಇಳಿಯುತ್ತದೆ. ಕೇರ್ನ್ಸ್ ಪಟ್ಟಣದಿಂದ ಲಿಜರ್ಡ್ ದ್ವೀಪದ ಕಡೆಗೆ ಚಾಚಿರುವ ಈ ಅಂಚಿಗೆ ವರ್ಷವರ್ಷವೂ ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ಕಪ್ಪು ಮಾರ್ಲಿನ್‌ಗಳು ಮೊಟ್ಟೆಯಿಡಲು ಬಂದು ಸೇರುತ್ತವೆ. ಅವುಗಳ ಬೆನ್ನಿಗೇ ಗಾಳದವರೂ ಬರುತ್ತಾರೆ. 1966ರಲ್ಲಿ ಜಾರ್ಜ್ ಬ್ರಾನ್ಸ್‌ಫರ್ಡ್ ಅವರ ದೋಣಿಯಲ್ಲಿ 1,064 ಪೌಂಡಿನ, ಅಂದರೆ 480 ಕಿಲೋ ಮೀರಿದ ಮೀನು ಸಿಕ್ಕ ಮೇಲೆ ಕೇರ್ನ್ಸ್‌ನ ಹೆಸರು ದೂರದೂರಕ್ಕೆ ಹಬ್ಬಿತು. ಸಾವಿರ ಪೌಂಡ್ ದಾಟಿದ ಮಾರ್ಲಿನ್ ಎಂದರೆ ಅದು ಹೆಣ್ಣೇ. ಗಂಡು ಆ ಗಾತ್ರದ ಹತ್ತಿರಕ್ಕೂ ಬೆಳೆಯುವುದಿಲ್ಲ. ಹಾಗಾಗಿ ಈ ತಿಂಗಳುಗಳಲ್ಲಿ ದೊಡ್ಡ ಮೀನಿಗೆ ಗಾಳ ಹಾಕುವುದೆಂದರೆ ಬಸುರಿ ಮೀನಿಗೇ ಗಾಳ ಹಾಕಿದಂತೆ.

ಈ ಮೀನಿನ ಮೈಯಲ್ಲಿ ನನಗೆ ಎಲ್ಲಕ್ಕಿಂತ ಬೆರಗು ಹುಟ್ಟಿಸುವುದು ಕಣ್ಣಿನ ಹಿಂದೆ ಅಡಗಿರುವ ಒಲೆ. ಕಣ್ಣುಗುಡ್ಡೆಯನ್ನು ತಿರುಗಿಸಬೇಕಾದ ಒಂದು ಸ್ನಾಯುವಿನ ಭಾಗ ಸಂಕುಚಿಸುವ ಎಳೆಗಳನ್ನೇ ಕಳೆದುಕೊಂಡು ಬಿಸಿ ಹುಟ್ಟಿಸುವ ಅಂಗವಾಗಿ ಮಾರ್ಪಟ್ಟಿದೆ. ಅದರ ಜೀವಕೋಶಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜಾಗವನ್ನು ಮೈಟೊಕಾಂಡ್ರಿಯಗಳೇ ತುಂಬಿಕೊಂಡಿವೆ. ಕೋಶದೊಳಗಿನ ಸಂಗ್ರಹದಿಂದ ಕ್ಯಾಲ್ಸಿಯಂ ಹೊರಗೆ ಸೋರುತ್ತದೆ, ಪಂಪುಗಳು ಅದನ್ನು ಮತ್ತೆ ಒಳಗೆ ತಳ್ಳುತ್ತವೆ, ಅದು ಮತ್ತೆ ಸೋರುತ್ತದೆ. ತೂತುಬಿದ್ದ ಕೊಡಕ್ಕೆ ಬಿಡದೆ ನೀರು ಸೇದಿ ಹಾಕುವ ಕೆಲಸ ಇದು. ಸೇದುವ ಶ್ರಮವೆಲ್ಲ ಶಾಖವಾಗಿ ಕಣ್ಣನ್ನೂ ಮಿದುಳನ್ನೂ ಬೆಚ್ಚಗಿಡುತ್ತದೆ. 1982ರಲ್ಲಿ ವಿಜ್ಞಾನಿ ಫ್ರಾನ್ಸಿಸ್ ಕೇರಿ ಇಂಥ ಒಲೆಯನ್ನು ಮಾರ್ಲಿನ್‌ನ ಬಂಧುವಾದ ಕತ್ತಿಮೀನಿನಲ್ಲಿ ವಿವರಿಸಿದರು. ತಣ್ಣಗಿರುವ ಅಕ್ಷಿಪಟಕ್ಕಿಂತ ಬೆಚ್ಚಗಿರುವ ಅಕ್ಷಿಪಟ ಹತ್ತು ಪಟ್ಟಿಗೂ ಹೆಚ್ಚು ವೇಗದ ಮಿನುಗನ್ನು ಗುರುತಿಸಬಲ್ಲದು ಎಂಬುದು 2005ರಲ್ಲಿ ಅದೇ ಕತ್ತಿಮೀನಿನ ಅಧ್ಯಯನದಿಂದ ತಿಳಿಯಿತು. ತಣ್ಣನೆಯ ಆಳಕ್ಕೆ ಇಳಿದಾಗಲೂ ಓಡುವ ಬೇಟೆ ಕಣ್ಣಿಗೆ ಮಸುಕಾಗದಿರುವುದು ಇದರಿಂದಲೇ. ನಮ್ಮ ಅರಬ್ಬೀ ಸಮುದ್ರದಲ್ಲಿದ್ದು ಆಗೊಮ್ಮೆ ಈಗೊಮ್ಮೆ ಮಲ್ಪೆ, ಮಂಗಳೂರಿನ ದಕ್ಕೆಗೂ ಬರುವ ಹಾಯಿಮೀನಿನ ಕಣ್ಣಿನ ಹಿಂದೆಯೂ ಇಂಥದೇ ಒಲೆ ಉರಿಯುತ್ತಿರುತ್ತದೆ.

ಕಣ್ಣು ಬೆಚ್ಚಗಿದ್ದರೂ ಮೈ ನೀರಿನಷ್ಟೇ ತಣ್ಣಗಿರುತ್ತದೆ. ಮೈಯ ಬಹುಪಾಲು ಬಿಳಿ ಸ್ನಾಯು. ಒಮ್ಮೆ ಚಿಮ್ಮಿ ಬೇಟೆ ಹಿಡಿಯಲು ಅದು ಹೇಳಿ ಮಾಡಿಸಿದಂತಿದೆ. ಆಮ್ಲಜನಕಕ್ಕೆ ಕಾಯದೆ ಕೂಡಿಟ್ಟ ಸಕ್ಕರೆಯನ್ನು ಸುಟ್ಟು ಓಡುತ್ತದೆ. ಹೀಗೆ ಮಾಡಿಕೊಂಡ ಆಮ್ಲಜನಕದ ಸಾಲವನ್ನು ಆಮೇಲೆ ವಿಶ್ರಾಂತಿಯಲ್ಲಿ ತೀರಿಸಬೇಕು. ಗಾಳಕ್ಕೆ ಸಿಕ್ಕ ಮೀನಿಗೆ ಆ ವಿಶ್ರಾಂತಿ ಸಿಗುವುದಿಲ್ಲ.

ದೋಣಿಯ ಹಿಂದೆ ನೀರಿನ ಮೇಲೆ ಕುಪ್ಪಳಿಸುತ್ತ ಬರುವ ಸತ್ತ ಮೀನನ್ನು ಮಾರ್ಲಿನ್ ಕಚ್ಚಿದೊಡನೆ ಕಿರುಗುಟ್ಟುವ ರೀಲಿನೊಳಗೆ ಒಂದು ಬ್ರೇಕು ಇದೆ. 60 ಕಿಲೋ ತಾಳುವ ದಾರವಿದ್ದರೆ ಬ್ರೇಕನ್ನು ಸುಮಾರು 20 ಕಿಲೋ ಎಳೆತಕ್ಕೆ ಹೊಂದಿಸುತ್ತಾರೆ. ದಾರ ಬಿಚ್ಚುತ್ತ ಹೋದಂತೆ ಸುರುಳಿ ಸಣ್ಣದಾಗುತ್ತದೆ. ಬ್ರೇಕು ತಿರುಗಲು ಒಡ್ಡುವ ತಡೆ ಅಷ್ಟೇ ಇರುತ್ತದೆ, ಆದರೆ ಸುರುಳಿಯ ತ್ರಿಜ್ಯ ಅರ್ಧವಾದಾಗ ದಾರದ ಮೇಲಿನ ಬಿಗಿತ ಇಮ್ಮಡಿಯಾಗುತ್ತದೆ. ಜೊತೆಗೆ ನೂರಾರು ಮೀಟರ್ ದಾರ ನೀರಿನಲ್ಲಿ ಬಿಲ್ಲಿನಂತೆ ಬಾಗಿ, ನೀರನ್ನು ಸೀಳಿಕೊಂಡು ಸಾಗುವ ಭಾರವೂ ಮೀನಿನ ಮೇಲೆಯೇ. ತಾನು ಓಡಿದಷ್ಟೂ ಮೀನಿಗೆ ಎಳೆತ ಹೆಚ್ಚುತ್ತದೆ.

ಇಲ್ಲಿ ಗಾಳದವರ ಒಂದು ಹಳೆಯ ಹೆಮ್ಮೆಯ ಬಗ್ಗೆ ನನಗೆ ತಕರಾರಿದೆ. 1939ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಬೇಟೆಮೀನು ಸಂಘ ದಾರದ ಬಲಕ್ಕೆ ತಕ್ಕಂತೆ ಬೇರೆಬೇರೆ ದಾಖಲೆಗಳನ್ನು ಇಡುತ್ತದೆ. ತೆಳು ದಾರದಲ್ಲಿ ದೊಡ್ಡ ಮೀನು ಹಿಡಿದವನಿಗೆ ಹೆಚ್ಚಿನ ಗೌರವ. ಆದರೆ ದಾರ ತೆಳುವಾದರೆ ಬ್ರೇಕು ಸಡಿಲವಿರಬೇಕು, ಬ್ರೇಕು ಸಡಿಲವಾದರೆ ಸೆಣಸಾಟ ಗಂಟೆಗಟ್ಟಲೆ ಬೆಳೆಯುತ್ತದೆ. ಬೆಚ್ಚನೆಯ ಉಷ್ಣವಲಯದ ನೀರಿನಲ್ಲಿ ಕರಗಿರುವ ಆಮ್ಲಜನಕವೂ ಕಡಿಮೆ. ರಕ್ತದಲ್ಲಿ ಆಮ್ಲೀಯತೆ ಏರುತ್ತ ಹೋಗುತ್ತದೆ. ಗಾಳ ಬಿಡಿಸಿ ನೀರಿಗೆ ಬಿಟ್ಟ ಮೀನು ಈಜಿ ಮರೆಯಾದರೂ ಆಮೇಲೆ ಸಾಯಬಹುದು, ಇಲ್ಲವೇ ಬಳಲಿದ್ದಾಗ ಶಾರ್ಕಿನ ಬಾಯಿಗೆ ಬೀಳಬಹುದು. ಈ ಆಟ ಆಡಲೇಬೇಕೆನ್ನುವವರು ದಪ್ಪ ದಾರ ಹಿಡಿದು ಬೇಗ ಮುಗಿಸಲಿ. ಪೆರುವಿನ ಕಾಬೊ ಬ್ಲಾಂಕೊದಲ್ಲಿ 1953ರ ಆಗಸ್ಟ್ 4ರಂದು ಆಲ್ಫ್ರೆಡ್ ಗ್ಲಾಸೆಲ್ ಹಿಡಿದ 1,560 ಪೌಂಡಿನ ಕಪ್ಪು ಮಾರ್ಲಿನ್ ಸುಮಾರು ಒಂದೂಮುಕ್ಕಾಲು ಗಂಟೆಯಲ್ಲಿ ದೋಣಿಯ ಪಕ್ಕಕ್ಕೆ ಬಂದಿತ್ತು. ಸುಮಾರು 700 ಕಿಲೋದ ಆ ಮೀನನ್ನು ದಡಕ್ಕೆ ತಂದು ತೂಗಿದರು. ತೂಕದ ದಾಖಲೆ ಬೇಕೆಂದರೆ ದಡದ ತಕ್ಕಡಿಯೇ ಆಗಬೇಕು, ಅಂದರೆ ಮೀನು ಸಾಯಲೇಬೇಕು.

ಕೇರ್ನ್ಸ್‌ನ ಕಡಲಿನಲ್ಲಿ ಇಂದು ಹಿಡಿದ ಮಾರ್ಲಿನ್‌ಗಳಲ್ಲಿ ಹೆಚ್ಚಿನವನ್ನು ತೂಗದೆ ಬಿಟ್ಟುಬಿಡುತ್ತಾರೆ. ತುದಿ ಒಳಕ್ಕೆ ಬಾಗಿದ ದುಂಡು ಗಾಳ ಬಳಸಿದರೆ ಅದು ಗಂಟಲಿಗೆ ಇಳಿಯದೆ ಬಹುತೇಕ ಬಾಯಿಯ ಮೂಲೆಗೇ ಸಿಕ್ಕಿಕೊಳ್ಳುತ್ತದೆ. ನಿಂತ ಕಡೆ ಕಿವಿರಿಗೆ ಸಾಕಷ್ಟು ನೀರು ಎಳೆದುಕೊಳ್ಳಲು ಮಾರ್ಲಿನ್‌ಗೆ ಆಗದು; ಬಾಯಿ ತೆರೆದು ಮುಂದೆ ಸಾಗಿದರೆ ಮಾತ್ರ ಅದಕ್ಕೆ ಉಸಿರು. ಅದಕ್ಕೇ ದೋಣಿಯವರು ಬಳಲಿದ ಮೀನಿನ ಮೂತಿ ಹಿಡಿದು, ಎಂಜಿನ್ ನಿಧಾನ ಮುಂದಕ್ಕೆ ಓಡಿಸುತ್ತ, ಬಾಲ ತಾನಾಗಿ ಬೀಸತೊಡಗುವವರೆಗೆ ಜೊತೆಗೆ ಒಯ್ಯುತ್ತಾರೆ. ಬಿಡುವ ಮುನ್ನ ಬೆನ್ನಿಗೆ ಗುರುತಿನ ಚೀಟಿ ಚುಚ್ಚುವುದೂ ಉಂಟು. ನ್ಯೂ ಸೌತ್ ವೇಲ್ಸ್ ಸರಕಾರ ಇದನ್ನು 1973ರಿಂದ ನಡೆಸಿಕೊಂಡು ಬಂದಿದೆ. ಈಗ ಉಪಗ್ರಹಕ್ಕೆ ಮಾತಾಡುವ ಚೀಟಿಗಳೂ ಬಂದಿವೆ. ಗೊತ್ತುಪಡಿಸಿದ ದಿನ ಅವು ಕಳಚಿ ಮೇಲಕ್ಕೆ ತೇಲಿ, ಮೀನು ಎಷ್ಟು ಆಳಕ್ಕೆ ಹೋಗಿ ಬಂತೆಂಬ ಲೆಕ್ಕ ಒಪ್ಪಿಸುತ್ತವೆ. ಬದುಕಿದ ಮೀನಿನ ಗೆರೆ ದಿನವಿಡೀ ಏರುತ್ತ ಇಳಿಯುತ್ತ ಹೋಗುತ್ತದೆ. ಸತ್ತ ಮೀನಿನ ಗೆರೆ ಒಮ್ಮೆ ಕೆಳಗಿಳಿದರೆ ಮತ್ತೆ ಮೇಲೇಳುವುದಿಲ್ಲ.