ನಾಯಿ ಎಣಿಸಲು ಕಲಿತ ಗೋವಾ

ಬೆಳಗಾವಿ ಕಡೆಯಿಂದ ಲೋಂಡಾ, ರಾಮನಗರ ದಾಟಿ ಅನಮೋಡ ಘಾಟಿ ಇಳಿದರೆ ಗೋವಾದ ಮೊಲೆಂ. ಇಲ್ಲಿನ ಚೆಕ್‌ಪೋಸ್ಟ್‌ನಲ್ಲಿ ಲಾರಿಗಳು ನಿಂತು ಕಾಗದಪತ್ರ ತೋರಿಸಬೇಕು. ಬೀದಿನಾಯಿಗೆ ಆ ತಡೆಯಿಲ್ಲ, ಅದರ ಜೊಲ್ಲಿನಲ್ಲಿರಬಹುದಾದ ರೇಬೀಸ್ ವೈರಸ್ಸಿಗೂ ಇಲ್ಲ. ಹುಚ್ಚುನಾಯಿ ರೋಗವನ್ನು ಹತೋಟಿಗೆ ತಂದ ರಾಜ್ಯವೆಂದು ಹೆಸರಾದ ಗೋವಾ ಇಂಥ ಗಡಿಗಳನ್ನು ಇಟ್ಟುಕೊಂಡೇ ಆ ಕೆಲಸ ಮಾಡಬೇಕಾಯಿತು.

ಮದ್ದು ಹೊಸದೇನಲ್ಲ. ಲೂಯಿ ಪಾಶ್ಚರ್ ಲಸಿಕೆ ಕೊಟ್ಟದ್ದು 1885ರಲ್ಲಿ. ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆ ಶುರುವಾದದ್ದು 1907ರಲ್ಲಿ. ಆದರೂ ಜಗತ್ತಿನ ರೇಬೀಸ್ ಸಾವುಗಳಲ್ಲಿ ಮೂರನೇ ಒಂದು ಪಾಲು ಭಾರತದ್ದೇ ಎಂಬ ಅಂದಾಜಿದೆ. ಕಚ್ಚಿಸಿಕೊಂಡವರಿಗೆ ಚುಚ್ಚುಮದ್ದು ಸಿಗುತ್ತಿತ್ತು. ವೈರಸ್ ಯಾವ ಓಣಿಯ ನಾಯಿಗಳಲ್ಲಿ ಸುತ್ತುತ್ತಿದೆ ಎಂಬ ಲೆಕ್ಕ ಮಾತ್ರ ಇರಲಿಲ್ಲ.

ಬ್ರಿಟನ್ನಿನ ಪಶುವೈದ್ಯ ಲೂಕ್ ಗ್ಯಾಂಬಲ್ ಕಟ್ಟಿದ ‘ಮಿಷನ್ ರೇಬೀಸ್’ 2013ರಲ್ಲಿ ಗೋವಾದಲ್ಲಿ ಕೆಲಸ ಆರಂಭಿಸಿತು. ಮುಂದೆ ರಾಜ್ಯ ಸರ್ಕಾರವೂ ಕೈಜೋಡಿಸಿತು. ಊರನ್ನು ಸಣ್ಣ ಸಣ್ಣ ವಲಯಗಳಾಗಿ ನಕ್ಷೆಯಲ್ಲಿ ಗುರುತಿಸಿ ತಂಡಗಳ ಮೊಬೈಲಿಗೆ ಕಳಿಸಲಾಯಿತು. ಸಾಕಿದ ನಾಯಿಯನ್ನು ಕೈಯಲ್ಲಿ, ಬೀದಿಯದನ್ನು ಬಲೆಯಲ್ಲಿ ಹಿಡಿದು ಲಸಿಕೆ ಹಾಕಿ, ಮೈಮೇಲೆ ಬಣ್ಣದ ಗುರುತು ಬಳಿದು, ಸಿಕ್ಕ ಜಾಗದ ಸಮೇತ ಆ್ಯಪ್‌ನಲ್ಲಿ ದಾಖಲಿಸಿ ಅಲ್ಲೇ ಬಿಟ್ಟರು. ಆಮೇಲೆ ಅದೇ ಬೀದಿಗಳಲ್ಲಿ ಸುತ್ತಿ, ಬಣ್ಣವಿದ್ದವು ಎಷ್ಟು, ಇಲ್ಲದವು ಎಷ್ಟು ಎಂದು ಎಣಿಸಿದರು. ನೂರಕ್ಕೆ ಎಪ್ಪತ್ತಕ್ಕಿಂತ ಕಡಿಮೆಯಾದರೆ ಮತ್ತೆ ಅಲ್ಲಿಗೇ ಹೋಗಬೇಕು.

ಎಪ್ಪತ್ತೇ ಏಕೆ? ಹುಚ್ಚು ಹಿಡಿದ ಒಂದು ನಾಯಿ ಸರಾಸರಿ ಎರಡಕ್ಕಿಂತ ಕಡಿಮೆ ನಾಯಿಗಳಿಗೆ ರೋಗ ದಾಟಿಸುತ್ತದೆ. ವರ್ಷವಿಡೀ ಮರಿಗಳು ಹುಟ್ಟುತ್ತವೆ, ಲಸಿಕೆ ಪಡೆದವು ಸಾಯುತ್ತವೆ. ಶುರುವಿನಲ್ಲಿ ಎಪ್ಪತ್ತು ಮುಟ್ಟಿಸಿದರೆ, ಇಷ್ಟೆಲ್ಲ ಸೋರಿದ ಮೇಲೂ ಮುಂದಿನ ಸುತ್ತಿನವರೆಗೆ ಸರಪಳಿ ಕಡಿಯುವಷ್ಟು ರಕ್ಷಣೆ ಉಳಿಯುತ್ತದೆ.

ಲಸಿಕೆಯ ಜೊತೆಗೆ ಕಾವಲೂ ಬೆಳೆಯಿತು. ಅನುಮಾನದ ನಾಯಿ ಕಂಡರೆ ಜನ ಸಹಾಯವಾಣಿಗೆ ಕರೆ ಮಾಡಬಹುದು. ಸತ್ತ ನಾಯಿಯ ಮಿದುಳಿನ ಮಾದರಿ ಪ್ರಯೋಗಾಲಯಕ್ಕೆ ಹೋಗುತ್ತದೆ. ರೋಗ ಖಚಿತವಾದರೆ ಅದು ಯಾರನ್ನು ಕಚ್ಚಿತ್ತು ಎಂದು ಹುಡುಕಿ ಆಸ್ಪತ್ರೆಗೆ ಕಳಿಸುತ್ತಾರೆ. ಸುತ್ತಲಿನ ನಾಯಿಗಳಿಗೆ ಲಸಿಕೆ ಹಾಕುತ್ತಾರೆ. ರೋಗಲಕ್ಷಣ ಕಾಣಿಸಿದ ಮೇಲೆ ಬದುಕಿಸುವ ಚಿಕಿತ್ಸೆ ಇಲ್ಲದಿರುವುದರಿಂದ ಈ ಹುಡುಕಾಟದಲ್ಲಿ ಒಂದೊಂದು ದಿನವೂ ಮುಖ್ಯ.

ವರ್ಷಕ್ಕೆ 95 ಸಾವಿರಕ್ಕೂ ಹೆಚ್ಚು ನಾಯಿಗಳಿಗೆ ಲಸಿಕೆ, ಒಂದೂವರೆ ಲಕ್ಷ ಮಕ್ಕಳಿಗೆ ರೇಬೀಸ್ ಬಗ್ಗೆ ಪಾಠ ಎಂಬ ಮಟ್ಟಕ್ಕೆ ಕೆಲಸ ಮುಟ್ಟಿತು. 2013ರಿಂದ 2019ರವರೆಗಿನ ಅವಧಿಯಲ್ಲಿ ನಾಯಿಗಳ ಮಾಸಿಕ ರೇಬೀಸ್ ಪ್ರಕರಣ ಶೇ 92ರಷ್ಟು ಇಳಿಯಿತು, ಮನುಷ್ಯರ ಸಾವು ನಿಂತಿತು ಎಂದು 2022ರಲ್ಲಿ ‘ನೇಚರ್ ಕಮ್ಯುನಿಕೇಷನ್ಸ್’ ಪತ್ರಿಕೆಯ ಪ್ರಬಂಧ ವರದಿ ಮಾಡಿತು.

ಘಟ್ಟದ ಮೇಲಿನ ಕರ್ನಾಟಕ 2022ರ ಡಿಸೆಂಬರ್‌ನಲ್ಲಿ ಮನುಷ್ಯರ ರೇಬೀಸ್ ಪ್ರಕರಣವನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ವಿಧಿಸಿತು. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಮನ್ನಣೆ ಪಡೆದ ರೇಬೀಸ್ ಪ್ರಯೋಗಾಲಯವೂ ಇದೆ. ಆದರೆ ಮನುಷ್ಯರ ಸಾವು ವರದಿಯಾಗುವಷ್ಟರಲ್ಲಿ ವೈರಸ್ ನಾಯಿಯಿಂದ ನಾಯಿಗೆ ಸಾಕಷ್ಟು ದೂರ ಹೋಗಿರುತ್ತದೆ. ಹಾಗಾಗಿ ಕಣ್ಣಿಡಬೇಕಾದ್ದು ನಾಯಿಗಳ ಮೇಲೆ. ಆದರೆ ಪ್ರಯೋಗಾಲಯಕ್ಕೆ ಸತ್ತ ನಾಯಿಗಳ ಮಾದರಿ ಬರುವುದು ನಿಂತ ದಿನವೂ ಪ್ರಕರಣಗಳ ಪಟ್ಟಿ ಸೊನ್ನೆಯನ್ನೇ ತೋರಿಸುತ್ತದೆ. ಹುಡುಕಿಯೂ ಸಿಗದ ಸೊನ್ನೆ ಬೇರೆ, ಹುಡುಕದೆ ಬಂದ ಸೊನ್ನೆ ಬೇರೆ. ರೋಗ ಕಡಿಮೆಯಾದಷ್ಟೂ ಈ ವ್ಯತ್ಯಾಸ ಕಾಯುವುದಕ್ಕೇ ಹಣ, ಜನ ಬೇಕು.