ಪರದೇಶದ ಕೀಟನಾಶಕ ವಿಷಗಳೂ ಅವುಗಳ ಮೇಲಣ ಕಾನೂನಿನ ಕಟ್ಟುಪಾಡೂ

ಅಂಕೋಲೆಯ ಸಮೀಪದ ಬೆಳಂಬಾರದಂತಹ ಕರಾವಳಿಯ ಗ್ರಾಮಗಳಲ್ಲಿ ಭತ್ತದ ಗದ್ದೆ, ತರಕಾರಿಯ ಮಡಿ, ತೆಂಗು, ಗೇರು ಮುಂತಾದವುಗಳು ಮನೆಗಳಿಗೆ ತಗುಲಿಕೊಂಡೇ ಇರುತ್ತವೆ. ಕುಡಿಯುವ ನೀರಿನ ಬಾವಿಯೂ ಹಿತ್ತಿಲಿನಲ್ಲಿಯೇ ಇರುವುದುಂಟು. ಮರಳು ಮಿಶ್ರವಾದ ಭೂಮಿಯಲ್ಲಿ ಮೇಲೆ ಬಿದ್ದ ವಿಷವು ಮಳೆಯ ನೀರಿನೊಡನೆ ಬೇಗನೆ ಕೆಳಗಿಳಿಯುತ್ತದೆ. ಉಳಿದದ್ದು ಹಳ್ಳದ ಮೂಲಕ ಹರಿದು ಮೀನು ಏಡಿಗಳಿರುವ ಹಿನ್ನೀರನ್ನು ಸೇರುತ್ತದೆ. ಜನರು ಇದನ್ನು “ಮದ್ದು” ಎಂದು ಕರೆಯುತ್ತಾರೆ. ಕಾನೂನಾದರೋ ಹೆಚ್ಚು ಘೋರವಾದವುಗಳ ಡಬ್ಬಿಯ ಮೇಲೆ “ವಿಷ” ಎಂದೇ ಬರೆಯಿಸುತ್ತದೆ. ಈ ಎರಡು ಮಾತುಗಳಲ್ಲಿ ಕಾನೂನಿನ ಮಾತೇ ಸರಿಯಾದುದು.

ಈ ವಿಷಗಳಲ್ಲಿ ಅನೇಕವು ಮೊದಲು ಪರದೇಶಗಳಲ್ಲಿ ಕಂಡುಹಿಡಿಯಲ್ಪಟ್ಟು ಹಡಗಿನ ಮೂಲಕ ಈ ದೇಶಕ್ಕೆ ಬಂದವು. ಈಗಲೂ ಕೆಲವುಗಳ ಮೂಲದ್ರವ್ಯವು ಹೊರಗಿನಿಂದ ಬಂದು, ಇಲ್ಲಿ ಬೆರಕೆಗೊಂಡು, ಸಣ್ಣ ಸೀಸೆಗಳಲ್ಲಿ ಅಂಗಡಿಯನ್ನು ಸೇರುತ್ತದೆ. ಹೀಗೆ ಬಂದ ಸರಕಿನ ವಿಷಯದಲ್ಲಿ ಅಜಾಗರೂಕತೆಯಾದರೆ ಏನಾಗುವುದೆಂಬುದು 1958ನೆಯ ಇಸವಿಯಲ್ಲಿ ಕೇರಳದಲ್ಲಿ ಗೊತ್ತಾಯಿತು. ಫಾಲಿಡಾಲ್ ಎಂಬ ಹೆಸರಿನಿಂದ ಮಾರಲ್ಪಡುತ್ತಿದ್ದ ಪ್ಯಾರಾಥಿಯಾನ್ ವಿಷವನ್ನು ಆಹಾರ ಪದಾರ್ಥಗಳೊಡನೆ ಒಂದೇ ಹಡಗಿನಲ್ಲಿ ಸಾಗಿಸಲಾಗಿತ್ತು. ವಿಷವು ಸೋರಿ ಹಿಟ್ಟಿನ ಚೀಲಗಳಿಗೆ ತಗುಲಿತು. ಆ ಹಿಟ್ಟಿನ ತಿಂಡಿಯನ್ನು ತಿಂದವರಲ್ಲಿ ನೂರಕ್ಕಿಂತ ಹೆಚ್ಚು ಜನರು ಮೃತಪಟ್ಟರು. ಅವರಲ್ಲಿ ಹೊಲಕ್ಕೆ ವಿಷ ಹೊಡೆಯುತ್ತಿದ್ದವರಲ್ಲ, ಅಂಗಡಿಯ ತಿಂಡಿಯನ್ನು ನಂಬಿ ತಿಂದವರೇ ಇದ್ದರು.

ಈ ದುರಂತದ ತರುವಾಯ ನಡೆದ ವಿಚಾರಣೆಗಳ ಫಲವಾಗಿ 1968ನೆಯ ಕೀಟನಾಶಕಗಳ ಕಾನೂನು ಹುಟ್ಟಿತು. ಅದರ ನಿಯಮಗಳು 1971ರಲ್ಲಿ ಹೊರಟವು. ಇದರ ಪ್ರಕಾರ ಯಾವನೇ ಆಗಲಿ ಕೀಟನಾಶಕವನ್ನು ಪರದೇಶದಿಂದ ತರಿಸಬೇಕಾದರೆ ಅಥವಾ ಇಲ್ಲಿ ತಯಾರಿಸಬೇಕಾದರೆ, ಕೇಂದ್ರದ ನೋಂದಣಿ ಸಮಿತಿಯ ಮುಂದೆ ಅದರ ಗುಣವನ್ನೂ, ಮನುಷ್ಯರಿಗೂ ಪ್ರಾಣಿಗಳಿಗೂ ಅದರಿಂದ ಆಗಬಹುದಾದ ಕೇಡನ್ನೂ ತಿಳಿಸಿ ನೋಂದಣಿ ಪಡೆಯತಕ್ಕದ್ದು. ನೋಂದಣಿಯಿಲ್ಲದ್ದನ್ನು ಬಂದರಿನೊಳಕ್ಕೆ ತರಕೂಡದು. ಮಾರುವವನಿಗೆ ಪರವಾನಗಿ ಇರತಕ್ಕದ್ದು. ಕೊಂಡವನಿಗೆ ಅವನು ಬಿಲ್ಲು ಕೊಡತಕ್ಕದ್ದು. ಆಹಾರ ಪದಾರ್ಥಕ್ಕೂ ದನದ ಮೇವಿಗೂ ತಗುಲುವಂತೆ ಕೀಟನಾಶಕವನ್ನು ಸಾಗಿಸಬಾರದು, ಇಡಬಾರದು ಎಂಬ ನಿಯಮವನ್ನು ಓದಿದಾಗ ಆ ಹಡಗಿನ ನೆನಪಾಗದೆ ಇರದು.

ಸಮಿತಿಯ ಕೆಲಸವು ದೂರದ ಪಟ್ಟಣದಲ್ಲಿ ನಡೆಯುತ್ತದೆ. ಗ್ರಾಮದಲ್ಲಿ ಅದನ್ನು ಪರೀಕ್ಷಿಸುವ ಸಾಧನವೆಂದರೆ ಡಬ್ಬಿಯ ಮೇಲಿನ ಚೀಟಿಯೊಂದೇ. ಅದರಲ್ಲಿ ಓರೆಯಾಗಿ ನಿಲ್ಲಿಸಿದ ಒಂದು ಚೌಕವಿರುತ್ತದೆ. ಚೌಕದ ಕೆಳಗಿನ ಅರ್ಧಕ್ಕೆ ಬಣ್ಣ ಬಳಿದಿರುತ್ತದೆ. ಕೆಂಪು ಅತ್ಯಂತ ಘೋರವಾದ ವಿಷದ ಗುರುತು; ಅದರ ಮೇಲಿನ ಅರ್ಧದಲ್ಲಿ ತಲೆಬುರುಡೆಯೂ ಎಲುಬುಗಳೂ ಇರುತ್ತವೆ. ಪರೀಕ್ಷೆಯ ಪ್ರಾಣಿಗಳ ತೂಕದ ಒಂದು ಕಿಲೋಗ್ರಾಮಿಗೆ 1ರಿಂದ 50 ಮಿಲಿಗ್ರಾಂ ಬಾಯಿಂದ ಒಳಗೆ ಹೋದೊಡನೆ ಅವುಗಳಲ್ಲಿ ಅರ್ಧದಷ್ಟು ಸಾಯುವಂಥವು ಈ ವರ್ಗಕ್ಕೆ ಸೇರುತ್ತವೆ. 51ರಿಂದ 500 ಬೇಕಾಗುವಂಥವು ಹಳದಿಗೂ, 501ರಿಂದ 5000 ಬೇಕಾಗುವಂಥವು ನೀಲಿಗೂ, ಅದಕ್ಕೂ ಮೀರಿದವು ಹಸಿರಿಗೂ ಸೇರುತ್ತವೆ. ಹಸಿರು ಬಣ್ಣವನ್ನು ಕಂಡು ಇದು ನಿರಪಾಯವೆಂದು ಬಗೆದು ಬರಿಗೈಯಿಂದ ಕಲಸುವವರಿದ್ದಾರೆ, ಅದು ತಪ್ಪು. ಈ ಬಣ್ಣಗಳು ಒಮ್ಮೆಗೇ ಒಳಹೋದ ವಿಷದ ಅಳತೆಯನ್ನು ಮಾತ್ರ ಹೇಳುತ್ತವೆ, ವರ್ಷಗಟ್ಟಲೆ ಸ್ವಲ್ಪಸ್ವಲ್ಪವಾಗಿ ಸೇರಿದ್ದರ ಫಲವನ್ನು ಹೇಳುವುದಿಲ್ಲ.

ಈ ಮಾತಿಗೆ ಕಾಸರಗೋಡು ಸೀಮೆಯೇ ಸಾಕ್ಷಿ. ಅಲ್ಲಿ ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದ ವರೆಗೆ ಎಂಡೋಸಲ್ಫಾನನ್ನು ಆಕಾಶದಿಂದ ಎರಚಲಾಯಿತು. ಅದು ಕದ್ದು ತಂದ ಸರಕಲ್ಲ, ನೋಂದಣಿ ಪಡೆದದ್ದೇ. ಎಣ್ಮಕಜೆಯ ಪಡ್ರೆ ಮೊದಲಾದ ಕನ್ನಡ ಮಾತಿನ ಊರುಗಳಲ್ಲಿ ಅಂಗವಿಕಲರೂ ಬುದ್ಧಿಮಾಂದ್ಯರೂ ಆದ ಮಕ್ಕಳ ಸಂಖ್ಯೆಯನ್ನು ಕಂಡು ಅಲ್ಲಿಯ ವೈದ್ಯರೂ ಪತ್ರಕರ್ತರೂ ಕೂಗೆಬ್ಬಿಸಿದರು. ಕರ್ನಾಟಕ ಸರ್ಕಾರವು 2011ರ ಫೆಬ್ರವರಿಯಲ್ಲಿ ಇದರ ಬಳಕೆಯನ್ನು ತಡೆಯಿತು. ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಇದನ್ನು ತ್ಯಜಿಸತಕ್ಕ ವಿಷಗಳ ಪಟ್ಟಿಗೆ ಸೇರಿಸಿದವು. ಮೇ 13ರಂದು ಸುಪ್ರೀಂ ಕೋರ್ಟು ದೇಶದಲ್ಲೆಲ್ಲಾ ಇದರ ತಯಾರಿಕೆ, ಮಾರಾಟ, ಬಳಕೆಗಳನ್ನು ನಿಲ್ಲಿಸಿತು. ನೋಂದಣಿಯ ಪಟ್ಟಿಯು ಶಾಶ್ವತವಲ್ಲವೆಂಬುದು ಇದರಿಂದ ತಿಳಿಯುತ್ತದೆ.

ಪಟ್ಟಿಯಿಂದ ತೆಗೆದ ಇತರ ವಿಷಗಳೂ ಇವೆ. ಬಿ.ಎಚ್.ಸಿ. ಪುಡಿಯು 1997ರಲ್ಲಿ ನಿಷೇಧಿಸಲ್ಪಟ್ಟಿತು. ಮಿಥೈಲ್ ಪ್ಯಾರಾಥಿಯಾನು 2018ರ ಆಗಸ್ಟಿನ ಆಜ್ಞೆಯಿಂದ ಹೋಯಿತು. ಅದೇ ಆಜ್ಞೆಯ ಮೇರೆಗೆ ಫೋರೇಟ್ ಹರಳು, ಡೈಕ್ಲೋರ್ವಾಸ್, ಟ್ರಯಜೋಫಾಸ್ ಇವುಗಳ ಬಳಕೆಯು 2020ರ ಡಿಸೆಂಬರ್ ಕೊನೆಗೆ ಮುಗಿಯಿತು. ಆದರೆ ಸರ್ಕಾರದ ಆಜ್ಞೆಯು ಮನೆಯ ಅಟ್ಟವನ್ನು ಹತ್ತಿ ಶೋಧಿಸುವುದಿಲ್ಲ. ಹಿಂದೆ ಕೊಂಡು ಉಳಿಸಿದ ಡಬ್ಬಿಗಳು ಭತ್ತದ ಬೀಜದ ಪಕ್ಕದಲ್ಲಿ ಇದ್ದರೆ ಯಜಮಾನರು ಅವನ್ನು ಪ್ರತ್ಯೇಕಿಸಿ, ಬೀಗ ಹಾಕಿಟ್ಟು, ಕೃಷಿ ಇಲಾಖೆಯ ಅಧಿಕಾರಿಗೆ ತಿಳಿಸತಕ್ಕದ್ದು. ಹಳ್ಳಕ್ಕೆ ಸುರಿಯಲೇಬಾರದು. ಬರಿದಾದ ಡಬ್ಬಿಯನ್ನು ತೊಳೆದು ನೀರಿಗೋ ಎಣ್ಣೆಗೋ ಬಳಸುವ ರೂಢಿಯು ಬಹಳ ಕೆಟ್ಟದ್ದು. ಅದನ್ನು ಒಡೆದು, ವಸತಿಗೂ ಬಾವಿಗೂ ದೂರದಲ್ಲಿ ಹೂಳಬೇಕೆಂದು ನಿಯಮವಿದೆ.

ಕೊಳ್ಳುವಾಗ ಚೀಟಿಯಲ್ಲಿ ನೋಂದಣಿಯ ಸಂಖ್ಯೆ, ತಯಾರಕನ ಹೆಸರು, ತಂಡದ ಸಂಖ್ಯೆ, ತಯಾರಾದ ಮತ್ತು ಅವಧಿ ಮುಗಿಯುವ ತಾರೀಖುಗಳು, ಪ್ರತಿವಿಷದ ವಿವರ ಇವುಗಳಿವೆಯೇ ಎಂದು ನೋಡಬೇಕು. ಪರದೇಶದ ಲಿಪಿಯೊಂದನ್ನೇ ಹೊತ್ತು, ಬಿಲ್ಲಿಲ್ಲದೆ ಅಗ್ಗಕ್ಕೆ ಸಿಗುವ ಸೀಸೆಯನ್ನು ಕೊಳ್ಳಬಾರದು. ಬೆಳೆ ಸುಟ್ಟುಹೋದರೆ ಬಿಲ್ಲಿಲ್ಲದವನ ದೂರು ನಿಲ್ಲುವುದು ಕಷ್ಟ.

ಊರಗೌಡರೂ ಪಂಚಾಯತಿಯವರೂ ಮಾಡಬೇಕಾದದ್ದು ಇನ್ನೊಂದಿದೆ. ವಿಷ ಹೊಡೆದವನಿಗೆ ಬೆವರು, ಜೊಲ್ಲು, ವಾಂತಿ, ಕಣ್ಣು ಮಂಜಾಗುವಿಕೆ, ಉಸಿರು ಕಟ್ಟುವಿಕೆ ಇವು ಕಂಡುಬಂದರೆ, ಮನೆಮದ್ದಿನಲ್ಲಿ ಹೊತ್ತು ಕಳೆಯದೆ, ಬಟ್ಟೆ ಕಳಚಿಸಿ ಮೈ ತೊಳೆಯಿಸಿ, ಡಬ್ಬಿಯನ್ನು ಚೀಟಿಯ ಸಮೇತ ಜೊತೆಯಲ್ಲಿಟ್ಟು ಆಸ್ಪತ್ರೆಗೆ ಸಾಗಿಸಬೇಕು. ಚೀಟಿಯಲ್ಲಿನ ಹೆಸರನ್ನು ನೋಡಿಯೇ ವೈದ್ಯರು ಪ್ರತಿವಿಷವನ್ನು ನಿಶ್ಚಯಿಸುತ್ತಾರೆ. ಅನಂತರ ಈ ಸಂಗತಿಯನ್ನು ಕೃಷಿ ಅಧಿಕಾರಿಗೆ ಬರೆದು ತಿಳಿಸಬೇಕು. ವಿಷಪ್ರಕರಣಗಳನ್ನು ವರದಿ ಮಾಡಿಸುವ ಅಧಿಕಾರವನ್ನು ಕಾನೂನಿನ 26ನೆಯ ಕಲಮು ರಾಜ್ಯ ಸರ್ಕಾರಕ್ಕೆ ಕೊಟ್ಟಿದೆ. 27ನೆಯ ಕಲಮಿನ ಮೇರೆಗೆ ಅಪಾಯಕರವಾದ ಸರಕಿನ ಮಾರಾಟವನ್ನು ಕೆಲವು ಕಾಲ ತಡೆಯಬಹುದು. ಆ ತಡೆಗೆ ಬೇಕಾದ ಆಧಾರವು ಗ್ರಾಮದಿಂದ ಹೋದ ಇಂಥ ಪತ್ರಗಳಿಂದಲೇ ದೊರೆಯುತ್ತದೆ. ಅದರಲ್ಲಿ ದಿನ, ಬೆಳೆ, ವಿಷದ ಹೆಸರು, ತಂಡದ ಸಂಖ್ಯೆ, ಕೊಂಡ ಅಂಗಡಿ ಇಷ್ಟು ಇದ್ದರೆ ಸಾಕು.