ಉಗಿಬಂಡಿಯ ಲಗಾಮು ಅಂಗೈಯಲ್ಲಿ: ಪುಟ್ಟ ರಿಮೋಟ್ ಕೊಳ್ಳುವ ಮುನ್ನ ತಿಳಿದಿರಬೇಕಾದದ್ದು

ಕೊಚ್ಚಿ/ತಿರುವನಂತಪುರ: 2019ರ ಫೆಬ್ರವರಿಯಲ್ಲಿ ಎರ್ನಾಕುಲಂ ಜಂಕ್ಷನ್ನಿನಿಂದ ಕೊಚ್ಚಿನ್ ಹಾರ್ಬರ್ ಟರ್ಮಿನಸ್‌ವರೆಗೆ ಒಂದು ಉಗಿಬಂಡಿ ಓಡಿತು. 1855ರಲ್ಲಿ ಇಂಗ್ಲೆಂಡಿನಲ್ಲಿ ತಯಾರಾದ 'ಇಐಆರ್ 21' ಎಂಬ ಈ ಎಂಜಿನ್ನಿಗೆ ಚೆನ್ನೈಯ ಪೆರಂಬೂರು ಕಾರ್ಖಾನೆಯಲ್ಲಿ ಮರುಜೀವ ನೀಡಲಾಗಿತ್ತು. ಮರುವರ್ಷ, 2020ರ ನವೆಂಬರಿನಲ್ಲಿ, ತಿರುವನಂತಪುರದ ವೇಳಿ ಪ್ರವಾಸಿ ಗ್ರಾಮದಲ್ಲಿ ಪುಟ್ಟ ರೈಲೊಂದು ಉದ್ಘಾಟನೆಗೊಂಡಿತು. ನೋಡಲು ಅದೂ ಹಳೆಯ ಉಗಿಬಂಡಿಯೇ. ಆದರೆ ಓಡುವುದು ಸೌರಶಕ್ತಿಯಿಂದ, ಹೊಗೆ ಬರೀ ತೋರಿಕೆಗೆ.

ಇವೆರಡರ ನಡುವೆ ಮೂರನೆಯ ಬಗೆಯೊಂದಿದೆ. ಮೇಜಿನ ಮೇಲೆ ಇಡಬಹುದಾದಷ್ಟು ಚಿಕ್ಕದು, ಆದರೆ ಒಳಗೆ ನಿಜವಾದ ಬಾಯ್ಲರ್, ನಿಜವಾದ ಬೆಂಕಿ, ನಿಜವಾದ ಉಗಿ. ಇದೇ 'ಲೈವ್ ಸ್ಟೀಮ್' ಮಾದರಿ ಎಂಜಿನ್. ಬ್ರಿಟನ್ನಿನ ರೌಂಡ್‌ಹೌಸ್, ಅಮೆರಿಕದ ಅಕ್ಯುಕ್ರಾಫ್ಟ್, ಜರ್ಮನಿಯ ರೆಗ್ನರ್ ಮೊದಲಾದ ಕಂಪೆನಿಗಳ ಹೆಸರು ಈ ಹವ್ಯಾಸದವರಿಗೆ ಚಿರಪರಿಚಿತ. 32 ಅಥವಾ 45 ಮಿಲಿಮೀಟರ್ ಅಗಲದ ಹಳಿಗಳ ಮೇಲೆ ಇವು ಓಡುತ್ತವೆ.

1907ರಲ್ಲಿ ಮಂಗಳೂರು ಮುಟ್ಟಿದ ರೈಲುಹಳಿಯನ್ನೇ ಹಿಡಿದು ಕೇರಳಕ್ಕೆ ಇಳಿದು ಬಂದ ಹೊರನಾಡ ಕನ್ನಡಿಗರ ಹಿರಿಯ ತಲೆಮಾರಿಗೆ ಉಗಿಬಂಡಿಯ ನೆನಪು ಇನ್ನೂ ಮಾಸಿಲ್ಲ. ದೇಶದ ಬ್ರಾಡ್‌ಗೇಜ್ ಹಳಿಗಳಲ್ಲಿ ನಿತ್ಯದ ಉಗಿಬಂಡಿ 1995ರ ಡಿಸೆಂಬರಿನಲ್ಲಿ ನಿಂತುಹೋಯಿತು. ಮೊಮ್ಮಕ್ಕಳಿಗೆ ಅದನ್ನು ತೋರಿಸಬೇಕೆಂದರೆ ಮೇಟುಪಾಳಯಕ್ಕೆ ಹೋಗಿ ನೀಲಗಿರಿ ರೈಲು ಹತ್ತಬೇಕು, ಇಲ್ಲವೇ ಮೈಸೂರಿನ ರೈಲು ಸಂಗ್ರಹಾಲಯದಲ್ಲಿ ನಿಂತ ಎಂಜಿನ್ನನ್ನು ಮುಟ್ಟಿ ಬರಬೇಕು. ಅಂಗಳದಲ್ಲೇ ಒಂದು ಉಗಿಬಂಡಿ ಓಡಲಿ ಎಂಬ ಆಸೆ ನಿವೃತ್ತರಿಗೆ ಬಂದರೆ ಆಶ್ಚರ್ಯವಿಲ್ಲ. ಎಂಜಿನ್ ಆಯ್ಕೆಗೆ ತಿಂಗಳುಗಟ್ಟಲೆ ಯೋಚಿಸುವವರು ಅದನ್ನು ನಡೆಸುವ ರಿಮೋಟನ್ನು ಮಾತ್ರ ಕೊನೆಯ ಗಳಿಗೆಯಲ್ಲಿ, ಸಿಕ್ಕಿದ್ದನ್ನು ಕೊಳ್ಳುತ್ತಾರೆ. ತಪ್ಪು ನಡೆಯುವುದು ಇಲ್ಲೇ.

ಎರಡೇ ಕೆಲಸ, ಎರಡೇ ಚಾನೆಲ್

ಉಗಿ ಎಂಜಿನ್ ನಡೆಸಲು ಮುಖ್ಯವಾಗಿ ಬೇಕಾದದ್ದು ಎರಡು. ಸಿಲಿಂಡರಿಗೆ ಎಷ್ಟು ಉಗಿ ಬಿಡಬೇಕೆಂದು ನಿರ್ಧರಿಸುವ ರೆಗ್ಯುಲೇಟರ್ ಮತ್ತು ಮುಂದಕ್ಕೋ ಹಿಂದಕ್ಕೋ ಎಂದು ನಿರ್ಧರಿಸುವ ರಿವರ್ಸರ್. ಎಂಜಿನ್ನಿನೊಳಗೆ ಇವೆರಡಕ್ಕೂ 'ಸರ್ವೋ' ಎಂಬ ಚಿಕ್ಕ ಮೋಟಾರುಗಳಿರುತ್ತವೆ. ಕೈಯಲ್ಲಿರುವ ಟ್ರಾನ್ಸ್‌ಮಿಟರ್ ಕಳುಹಿಸಿದ ಸಂದೇಶವನ್ನು ರಿಸೀವರ್ ಹಿಡಿದು ಸರ್ವೋಗಳಿಗೆ ಮುಟ್ಟಿಸುತ್ತದೆ. ಸೀಟಿ ಊದಿಸಬೇಕೆಂದರೆ ಮೂರನೆಯ ಚಾನೆಲ್ ಬೇಕು, ಅಷ್ಟೆ. ವಿಮಾನದ ಮಾದರಿಗಳಿಗೆಂದು ಮಾಡಿದ ಆರೆಂಟು ಚಾನೆಲ್ಲಿನ, ಎರಡೂ ಕೈಯಲ್ಲಿ ಹಿಡಿಯಬೇಕಾದ ದೊಡ್ಡ ಪೆಟ್ಟಿಗೆಗೆ ಹಣ ಸುರಿಯುವ ಅಗತ್ಯವಿಲ್ಲ.

ಒಂದೇ ಕೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ನಡೆಸಬಹುದಾದ ಪುಟ್ಟ ರಿಮೋಟಿನ ಅನುಕೂಲವೇ ಬೇರೆ. ಇನ್ನೊಂದು ಕೈ ಗ್ಯಾಸ್ ವಾಲ್ವ್ ತಿರುಗಿಸಲು, ಕೊಂಡಿ ಹಾಕಲು, ಹತ್ತಿರ ಬರುವ ಮಗುವನ್ನು ತಡೆಯಲು ಬಿಡುವಾಗಿರುತ್ತದೆ. ಕಣ್ಣು ಎಂಜಿನ್ನಿನ ಮೇಲೆಯೇ ನಿಲ್ಲುತ್ತದೆ. ಕೊಚ್ಚಿಯ ಮಧ್ಯಾಹ್ನದ ಬಿಸಿಲಿನಲ್ಲಿ ರಿಮೋಟಿನ ಪರದೆ ಓದಲು ಆಗುವುದೂ ಇಲ್ಲ. ಆದ್ದರಿಂದ ಬೆರಳಿಗೇ ಗೊತ್ತಾಗುವ ಗುಂಡಿಗಳಿರುವುದನ್ನು ಆರಿಸುವುದು ಮೇಲು.

ಕೈಬಿಟ್ಟರೆ ಏನಾಗುತ್ತದೆ?

ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಬೆಲೆಯದಲ್ಲ, ಇದು. ಕಾರಿನ ಮಾದರಿಗಳಿಗೆ ಬಳಸುವ ಪಿಸ್ತೂಲಿನಾಕಾರದ ರಿಮೋಟಿನಲ್ಲಿ ಸ್ಪ್ರಿಂಗ್ ಇರುವುದರಿಂದ ಬೆರಳು ತೆಗೆದೊಡನೆ ಟ್ರಿಗರ್ ಹಿಂದಕ್ಕೆ ಬರುತ್ತದೆ. ಉಗಿಬಂಡಿ ಅರ್ಧ ಗಂಟೆ ಒಂದೇ ಹದದಲ್ಲಿ ಓಡಬೇಕು, ಅಷ್ಟು ಹೊತ್ತು ಟ್ರಿಗರ್ ಒತ್ತಿ ಹಿಡಿದರೆ ಬೆರಳು ಸೋಲುತ್ತದೆ. ಸ್ಪ್ರಿಂಗ್ ಇರುವ ಕಡ್ಡಿಯಾದರೂ ತಾನಾಗಿ ನಡುವಿಗೆ ಬರುತ್ತದೆ. ನಡು ಎಂದರೆ ರೆಗ್ಯುಲೇಟರ್ ಅರ್ಧ ತೆರೆದಂತೆ! ಆದ್ದರಿಂದ ರೆಗ್ಯುಲೇಟರಿಗೆ ಇಟ್ಟಲ್ಲೇ ನಿಲ್ಲುವ ತಿರುಗುಗುಂಡಿ ಅಥವಾ ಸ್ಪ್ರಿಂಗ್ ಇಲ್ಲದ ಕಡ್ಡಿಯೇ ಸರಿ. ರಿವರ್ಸರಿಗೆ ಮುಂದೆ, ನಡು, ಹಿಂದೆ ಎಂಬ ಮೂರು ಸ್ಥಾನಗಳ ಸ್ವಿಚ್ ಸಾಕು.

ಎರಡನೆಯ ಪ್ರಶ್ನೆ 'ಫೇಲ್‌ಸೇಫ್' ಕುರಿತಾದದ್ದು. ರಿಮೋಟಿನ ಬ್ಯಾಟರಿ ಸತ್ತರೆ, ಸಂಪರ್ಕ ಕಡಿದರೆ, ರಿಸೀವರ್ ತಾನಾಗಿ ರೆಗ್ಯುಲೇಟರ್ ಮುಚ್ಚಬೇಕು. ಈ ಸೌಲಭ್ಯ ಇದ್ದರಷ್ಟೇ ಸಾಲದು, ಸರಿಯಾಗಿ ಹೊಂದಿಸಿದೆಯೇ ಎಂದೂ ನೋಡಬೇಕು. ಅನೇಕ ರಿಸೀವರುಗಳು ರಿಮೋಟಿನೊಂದಿಗೆ ಜೋಡಿಸುವ ಸಮಯದಲ್ಲಿ ಗುಂಡಿ ಎಲ್ಲಿತ್ತೋ ಅದನ್ನೇ ನೆನಪಿಟ್ಟುಕೊಳ್ಳುತ್ತವೆ. ಆಗ ರೆಗ್ಯುಲೇಟರ್ ತೆರೆದಿದ್ದರೆ, ಸಂಪರ್ಕ ಕಡಿದಾಗಲೂ ಎಂಜಿನ್ ಓಡುತ್ತಲೇ ಇರುತ್ತದೆ. ಪರೀಕ್ಷೆ ಸುಲಭ. ಬೆಂಕಿ ಹಚ್ಚುವ ಮೊದಲೇ ರೆಗ್ಯುಲೇಟರ್ ತೆರೆದಿಟ್ಟು ರಿಮೋಟನ್ನು ಆರಿಸಬೇಕು. ಸರ್ವೋ ತಿರುಗಿ ರೆಗ್ಯುಲೇಟರ್ ಮುಚ್ಚಿದರೆ ಸರಿ, ಇಲ್ಲವಾದರೆ ಆ ದಿನ ಬೆಂಕಿ ಹಚ್ಚಬಾರದು.

ಇಲ್ಲಿ ಒಂದು ಎಚ್ಚರಿಕೆ. ಫೇಲ್‌ಸೇಫ್ ಕೆಲಸ ಮಾಡುವುದು ಎಂಜಿನ್ನಿನೊಳಗಿನ ಬ್ಯಾಟರಿ ಜೀವಂತವಿದ್ದರೆ ಮಾತ್ರ. ಅದೇ ಖಾಲಿಯಾದರೆ ಸರ್ವೋ ಇದ್ದಲ್ಲೇ ನಿಲ್ಲುತ್ತದೆ, ಎಂಜಿನ್ ಓಡುತ್ತಲೇ ಹೋಗುತ್ತದೆ. ಹಾಗಾಗಿ ಓಡಿಸುವ ದಿನ ಮೊದಲು ನೋಡಬೇಕಾದದ್ದು ಎಂಜಿನ್ನಿನ ಬ್ಯಾಟರಿ, ಅನಂತರ ರಿಮೋಟಿನದು. ಇನ್ನೊಂದು ಮಾತು: ರೆಗ್ಯುಲೇಟರ್ ಮುಚ್ಚಿತೆಂದ ಮಾತ್ರಕ್ಕೆ ಬೆಂಕಿ ಆರುವುದಿಲ್ಲ. ಬಾಯ್ಲರಿನಲ್ಲಿ ಒತ್ತಡ ಏರುತ್ತಲೇ ಇರುತ್ತದೆ, ಹೆಚ್ಚಾದ ಉಗಿಯನ್ನು ಹೊರಬಿಡುವುದು ಸೇಫ್ಟಿ ವಾಲ್ವ್. ರಿಮೋಟ್ ಎಷ್ಟೇ ಒಳ್ಳೆಯದಿದ್ದರೂ ಅದು ಸೇಫ್ಟಿ ವಾಲ್ವಿನ ಕೆಲಸ ಮಾಡದು, ಬಾಯ್ಲರಿನ ನೀರಿನ ಲೆಕ್ಕವನ್ನೂ ಇಡದು.

2.4 ಗಿಗಾಹರ್ಟ್ಸ್ ಯಾಕೆ?

ಅಮೆರಿಕದಲ್ಲಿ ನಿಕೋಲಾ ಟೆಸ್ಲಾ 1898ರಲ್ಲಿ ರೇಡಿಯೋ ಮೂಲಕ ಪುಟ್ಟ ದೋಣಿ ನಡೆಸಿ ತೋರಿಸಿದಾಗ ಜನ ಬೆರಗಾಗಿದ್ದರು. ಬಹುಕಾಲ ಮಾದರಿಗಳ ರಿಮೋಟುಗಳು 27 ಅಥವಾ 40 ಮೆಗಾಹರ್ಟ್ಸ್‌ನಂಥ ತರಂಗಗಳಲ್ಲಿ ನಡೆಯುತ್ತಿದ್ದವು. ಉದ್ದದ ಆಂಟೆನಾ ಬೇಕಿತ್ತು. ಪಕ್ಕದವರೂ ಅದೇ ತರಂಗ ಬಳಸಿದರೆ ಒಬ್ಬರ ಗಾಡಿ ಇನ್ನೊಬ್ಬರ ಮಾತು ಕೇಳುತ್ತಿತ್ತು. ಈಗಿನ 2.4 ಗಿಗಾಹರ್ಟ್ಸ್ ವ್ಯವಸ್ಥೆಯಲ್ಲಿ ರಿಸೀವರಿನ ಆಂಟೆನಾ ಸುಮಾರು ಮೂರು ಸೆಂಟಿಮೀಟರ್ ಇದ್ದರೆ ಸಾಕು, ಪ್ರತಿ ರಿಸೀವರ್ ತನ್ನ ರಿಮೋಟಿನ ಮಾತನ್ನಷ್ಟೇ ಕೇಳುತ್ತದೆ. ಪುಟ್ಟ ರಿಮೋಟುಗಳು ಬಂದದ್ದೇ ಇದರಿಂದ. ಆದರೆ ಈ ತರಂಗ ಲೋಹದ ಮರೆಯನ್ನು ದಾಟಲಾರದು. ಆಂಟೆನಾದ ತುದಿ ಹಿತ್ತಾಳೆಯ ಡಬ್ಬಿಯೊಳಗೆ ಅಡಗದಂತೆಯೂ, ರಿಸೀವರಿಗೆ ಬಾಯ್ಲರಿನ ಬಿಸಿ ತಾಗದಂತೆಯೂ ನೋಡಿಕೊಳ್ಳಬೇಕು.

ನಮ್ಮ ದೇಶದಲ್ಲಿ 2.4 ಗಿಗಾಹರ್ಟ್ಸ್ ತರಂಗದಲ್ಲಿ ನಿಗದಿತ ಶಕ್ತಿಯ ಮಿತಿಯೊಳಗಿನ ಉಪಕರಣಗಳಿಗೆ 2005ರ ಜನವರಿಯ ಅಧಿಸೂಚನೆಯ ಪ್ರಕಾರ ಲೈಸೆನ್ಸ್ ಬೇಡ. ಹಾಗೆಂದು ವಿದೇಶದಿಂದ ಬೇಕಾದ್ದನ್ನು ತರಿಸಬಹುದೆಂದಲ್ಲ. ರೇಡಿಯೋ ಉಪಕರಣಕ್ಕೆ 'ಇಟಿಎ' ಎಂಬ ಮಾದರಿ ಅನುಮೋದನೆ ಇರಬೇಕು. ಇಲ್ಲವಾದರೆ ಪಾರ್ಸೆಲ್ ಕಸ್ಟಮ್ಸ್‌ನಲ್ಲೇ ನಿಲ್ಲಬಹುದು. ಮಾರಾಟಗಾರರಿಂದ ಇದರ ವಿವರ ಪಡೆದು, ಸುಂಕ, ಜಿಎಸ್‌ಟಿ, ಸಾಗಣೆ ಎಲ್ಲವನ್ನೂ ಕೂಡಿಸಿ ನೋಡಿದ ಬಳಿಕವೇ ಹಣ ಕಳುಹಿಸುವುದು ಜಾಣತನ. ಸಾಧ್ಯವಾದರೆ ಇಲ್ಲಿಯೇ ಬಿಲ್ಲಿನೊಂದಿಗೆ ಸಿಗುವುದನ್ನು ಕೊಳ್ಳುವುದು ಕ್ಷೇಮ.

ಕೇರಳದ ಹವೆಗೆ ತಕ್ಕಂತೆ

ಸಮುದ್ರದ ಉಪ್ಪುಗಾಳಿ ಮತ್ತು ಜೂನಿನಿಂದ ನವೆಂಬರ್‌ವರೆಗೂ ಬಿಟ್ಟುಬಿಟ್ಟು ಸುರಿಯುವ ಎರಡು ಮಳೆಗಾಲಗಳು ರಿಮೋಟಿನ ಬ್ಯಾಟರಿ ತಗಡುಗಳಿಗೆ ತುಕ್ಕು ಹಿಡಿಸುತ್ತವೆ. ಬಳಸದ ದಿನಗಳಲ್ಲಿ ಸೆಲ್ ತೆಗೆದಿಟ್ಟು, ಮುಚ್ಚಳವಿರುವ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡುವುದು ಲೇಸು. ಎಲ್ಲ ಅಂಗಡಿಗಳಲ್ಲೂ ಸಿಗುವ ಎಎ ಸೆಲ್ ಬಳಸುವ ರಿಮೋಟ್ ಒಳ್ಳೆಯದು. ಎಂಜಿನ್ನಿನೊಳಗೆ ನಾಲ್ಕು ನಿಕ್ಕಲ್ ಸೆಲ್‌ಗಳು ಸೇರಿ 4.8 ವೋಲ್ಟ್ ಕೊಡುತ್ತವೆ, ಸಾಮಾನ್ಯ ಸರ್ವೋಗೆ ಅಷ್ಟು ಸಾಕು. ಬಾಯ್ಲರಿನ ಪಕ್ಕದಲ್ಲಿ ಲಿಥಿಯಂ ಬ್ಯಾಟರಿ ಇಡುವುದು ಬೇಡ.

ಸಂಘದ ವಾರ್ಷಿಕೋತ್ಸವದಲ್ಲೋ ಮಕ್ಕಳ ದಿನಾಚರಣೆಯಲ್ಲೋ ಇಂಥ ಎಂಜಿನ್ ಓಡಿಸಿದರೆ ಮಕ್ಕಳು ಮುತ್ತಿಕೊಳ್ಳುವುದು ಖಂಡಿತ. ಬಾಯ್ಲರ್ ಮುಟ್ಟಿದರೆ ಕೈ ಸುಡುತ್ತದೆ. ಹಳಿಯ ಸುತ್ತ ಹಗ್ಗ ಕಟ್ಟಿ, ಒಂದು ಬಕೆಟ್ ನೀರು ಇಟ್ಟು, ಮೊದಲು ರಿಮೋಟ್, ಆಮೇಲೆ ಎಂಜಿನ್ನಿನ ಸ್ವಿಚ್ ಹಾಕಬೇಕು. ಮುಗಿದ ಮೇಲೆ ಮೊದಲು ಎಂಜಿನ್ನಿನದು, ಕೊನೆಗೆ ರಿಮೋಟಿನದು ಆರಿಸಬೇಕು. ಮನೆಯಲ್ಲಿ ನಾಲ್ಕಾರು ಬಾರಿ ಒಬ್ಬರೇ ಓಡಿಸಿ ಕೈ ಪಳಗಿದ ನಂತರವಷ್ಟೇ ಹತ್ತು ಜನರ ಮುಂದೆ ತರಬೇಕು. ಅಷ್ಟು ಮಾಡಿದರೆ, ಹಿಂದೆ ಮಂಗಳೂರಿನಿಂದ ಹೊರಟ ಗಾಡಿಯ ಕಿಟಕಿಯಲ್ಲಿ ಕುಳಿತು ಕೇಳಿದ ಆ ಸದ್ದನ್ನು ಮೊಮ್ಮಕ್ಕಳೂ ಅಂಗಳದಲ್ಲೇ ಕೇಳಬಹುದು.